ಕಪಾಟಿನಲ್ಲಿದೆ, ಕಂಪ್ಯೂಟರಿನಲ್ಲಿಲ್ಲ

"ಬರ್ತಾ ಇಲ್ಲ ಸಾರ್. ನಮ್ಮಲ್ಲಿ ಇಲ್ಲ ಅನ್ಸುತ್ತೆ."

ಕೌಂಟರಿನ ಹುಡುಗ ಹೀಗೆಂದಾಗ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಯಿತು. ನಾನು ಕೇಳಿದ್ದು ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಅದೇ ಗ್ರಂಥಾಲಯದ ಪ್ರತಿಯನ್ನು ವರ್ಷಗಳ ಹಿಂದೆ ಮನೆಗೊಯ್ದು, ಓದಿ, ದಂಡ ಕಟ್ಟಿ ವಾಪಸು ಕೊಟ್ಟವನು ನಾನೇ. ಕೌಂಟರಿಗೆ ಬರುವ ಮೊದಲು ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ದೊಡ್ಡ ಹುಡುಕುಪೆಟ್ಟಿಗೆಯ ಕೆಳಗೆ ಸಣ್ಣಕ್ಷರದಲ್ಲಿ ಇರುವ, ಯಾರೂ ಒತ್ತದ 'ಅಡ್ವಾನ್ಸ್ಡ್ ಸರ್ಚ್' ಒತ್ತಿ, ಲೇಖಕ ಕಾರಂತ, ಶೀರ್ಷಿಕೆ ಯಕ್ಷಗಾನ, ಭಾಷೆ ಕನ್ನಡ ಎಂದು ಅಚ್ಚುಕಟ್ಟಾಗಿ ತುಂಬಿದ್ದೆ. ಬಂದದ್ದು ಸೊನ್ನೆ.

ಒಳಗಿನ ಕೋಣೆಯಿಂದ ಗ್ರಂಥಪಾಲಕಿ ಎದ್ದು ಬಂದರು. ಪರದೆ ನೋಡಿದರು. "ಭಾಷೆ ತೆಗೀರಿ ಸಾರ್" ಅಂದರು. ತೆಗೆದೆ. ಪುಸ್ತಕ ರ‍್ಯಾಕಿನ ನಂಬರಿನ ಸಮೇತ ಪ್ರತ್ಯಕ್ಷವಾಯಿತು. ದಾಖಲೆ ತೆರೆದು ನೋಡಿದರೆ ಅದರೊಳಗೆ ಭಾಷೆಯ ಜಾಗದಲ್ಲಿ 'ಇಂಗ್ಲಿಷ್' ಎಂದಿತ್ತು.

"ಹಳೇ ಕಾರ್ಡುಗಳನ್ನ ಕಂಪ್ಯೂಟರಿಗೆ ಏರಿಸುವಾಗ ಆಗಿರೋದು. ಹೊಸ ಫಾರಂ ತೆಗೆದರೆ ಅಲ್ಲಿ ಇಂಗ್ಲಿಷ್ ಅಂತ ಮೊದಲೇ ಕೂತಿರುತ್ತೆ. ಎಂಟ್ರಿ ಮಾಡೋರು ಬದಲಾಯಿಸದಿದ್ದರೆ ಹಾಗೇ ಉಳಿಯುತ್ತೆ. ಇಂಥವು ಎಷ್ಟಿವೆಯೋ!"

ರಾಗಿ ಜರಡಿ ಹಿಡಿಯುವವರು ಕೆಳಗೆ ಬಿದ್ದ ಹಿಟ್ಟನ್ನೂ ನೋಡುತ್ತಾರೆ, ಮೇಲೆ ಉಳಿದ ತೌಡನ್ನೂ ಕೈಯಾಡಿಸಿ ನೋಡುತ್ತಾರೆ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಜರಡಿ ಹಿಡಿಯುವ ನಮಗೆ ಒಂದು ಕಡೆಯದಷ್ಟೇ ಕಾಣುತ್ತದೆ. ಉದುರಿಹೋದದ್ದರ ಲೆಕ್ಕ ಪರದೆಯ ಮೇಲೆ ಇರುವುದಿಲ್ಲ. ಆ ದಿನದಿಂದ ನಾನು ಈ ಜರಡಿಗಳನ್ನು ಬಳಸುವ ಕ್ರಮವನ್ನೇ ತಿರುಗಿಸಿಕೊಂಡೆ. ಮೊದಲು ಅಗಲವಾಗಿ ಹುಡುಕುವುದು, ಆಮೇಲೆ ಒಂದೊಂದೇ ಷರತ್ತು ಹಾಕುತ್ತ ಪ್ರತಿ ಸಲ ಎಷ್ಟು ಕಡಿಮೆಯಾಯಿತೆಂದು ಗಮನಿಸುವುದು. ಒಂದು ಷರತ್ತು ಹಾಕಿದ ಕೂಡಲೇ ಫಲಿತಾಂಶ ದಿಢೀರನೆ ಕುಸಿದರೆ ಅನುಮಾನ ಆ ಷರತ್ತಿನ ಮೇಲೆಯೇ.

ಏಕೆಂದರೆ ಕ್ಯಾಟಲಾಗು ಪುಸ್ತಕವನ್ನು ಓದಿರುವುದಿಲ್ಲ. ಅದು ಓದುವುದು ಪುಸ್ತಕದ ಬಗ್ಗೆ ಯಾರೋ ಒಬ್ಬರು ಯಾವತ್ತೋ ತುಂಬಿದ ಫಾರಂ ಒಂದನ್ನು. ಹಿಂದೆ ಆ ಫಾರಂ ಮೂರು ಇಂಚು ಎತ್ತರ, ಐದು ಇಂಚು ಅಗಲದ ಕಾರ್ಡಾಗಿತ್ತು. ಕೆಳಗಿನ ತೂತಿಗೆ ಕಂಬಿ ಪೋಣಿಸಿ ಮರದ ಸಣ್ಣ ಡ್ರಾಯರುಗಳಲ್ಲಿ ಇಟ್ಟಿರುತ್ತಿದ್ದರು. ಒಂದೇ ಪುಸ್ತಕಕ್ಕೆ ಲೇಖಕರದೊಂದು, ಶೀರ್ಷಿಕೆಯದೊಂದು, ವಿಷಯದ್ದೊಂದು ಕಾರ್ಡು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಆ್ಯವ್ರಮ್ ಎಂಬ ಪ್ರೋಗ್ರಾಮರ್ ಈ ಕಾರ್ಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬಿಡಿಬಿಡಿಸಿ 'ಮಾರ್ಕ್' ಎಂಬ ವಿನ್ಯಾಸ ರೂಪಿಸಿದರು. ಇಂದಿಗೂ ಜಗತ್ತಿನ ಬಹುಪಾಲು ಗ್ರಂಥಾಲಯಗಳು ಅದರ ಮೇಲೇ ನಿಂತಿವೆ. ನಮ್ಮ ಅನೇಕ ಕಾಲೇಜುಗಳಲ್ಲಿ ಈಗ ಕಾಣುವ 'ಕೋಹಾ' ತಂತ್ರಾಂಶವೂ ಅಷ್ಟೆ. ನ್ಯೂಜಿಲೆಂಡಿನ ಒಂದು ಪುಟ್ಟ ಗ್ರಂಥಾಲಯಕ್ಕಾಗಿ ಹುಟ್ಟಿ 2000ದಲ್ಲಿ ಕೆಲಸ ಶುರುಮಾಡಿದ ತಂತ್ರಾಂಶವದು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ.

ಮಾರ್ಕ್‌ನಲ್ಲಿ ಪ್ರತಿ ಮಾಹಿತಿಗೂ ಮೂರಂಕಿಯ ಮನೆ ನಂಬರು. 100ರಲ್ಲಿ ಲೇಖಕ, 245ರಲ್ಲಿ ಶೀರ್ಷಿಕೆ, 650ರಲ್ಲಿ ವಿಷಯ. 008 ಎಂಬ ಮನೆಯಲ್ಲಿ ನಲವತ್ತು ಅಕ್ಷರದ ಒಂದು ಸಾಲು. ಸೊನ್ನೆಯಿಂದ ಎಣಿಸಿಕೊಂಡು ಹೋದರೆ 35ರಿಂದ 37ನೆಯ ಸ್ಥಾನ ಭಾಷೆಗೆ ಮೀಸಲು. ಕನ್ನಡವಾದರೆ ಅಲ್ಲಿ ಕೆ-ಎ-ಎನ್ ಎಂದಿರಬೇಕು. ಭಾಷೆಯ ಪಟ್ಟಿಯಿಂದ ನಾನು 'ಕನ್ನಡ' ಆರಿಸಿದಾಗ ಯಂತ್ರ ಮುಖ್ಯವಾಗಿ ನೋಡಿದ್ದು ಆ ಮೂರಕ್ಷರವನ್ನು. ಪುಸ್ತಕದ ಒಳಗೆ ನೂರಾರು ಪುಟ ಕನ್ನಡವಿದ್ದರೇನು, ಆ ಮೂರು ಸ್ಥಾನಗಳಲ್ಲಿ ಇ-ಎನ್-ಜಿ ಇತ್ತು.

ಮನೆ ನಂಬರು ಗೊತ್ತಾದ ಮೇಲೆ ಜರಡಿಯ ಲಾಭವೂ ತಿಳಿಯುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಬರೀ 'ಕಾರಂತ' ಎಂದು ಹೊಡೆದು ನೋಡಿ. ಕಾರಂತರು ಬರೆದದ್ದು, ಕಾರಂತರ ಬಗ್ಗೆ ಬೇರೆಯವರು ಬರೆದದ್ದು, ಬಿ.ವಿ. ಕಾರಂತರ ರಂಗಭೂಮಿಯ ಪುಸ್ತಕಗಳು ಎಲ್ಲವೂ ಒಟ್ಟಿಗೆ ಸುರಿಯುತ್ತವೆ. 'ಚೋಮನ ದುಡಿ' ಸಿನಿಮಾದ ಡಿಸ್ಕ್ ಆ ಗ್ರಂಥಾಲಯದಲ್ಲಿದ್ದರಂತೂ ಒಂದೇ ದಾಖಲೆಯಲ್ಲಿ ಇಬ್ಬರೂ ಕಾರಂತರು: ಕಾದಂಬರಿ ಒಬ್ಬರದು, 1975ರ ಚಿತ್ರದ ನಿರ್ದೇಶನ ಇನ್ನೊಬ್ಬರದು. ಶಿವರಾಮ ಕಾರಂತರು ಬರೆದದ್ದಷ್ಟೇ ಬೇಕಾದರೆ ಲೇಖಕರ ಮನೆಯಲ್ಲಿ ಹುಡುಕಬೇಕು. ಅವರ ಬಗ್ಗೆ ಬಂದದ್ದು ಬೇಕಾದರೆ ಅದೇ ಹೆಸರನ್ನು ವಿಷಯದ ಮನೆಯಲ್ಲಿ ಕೊಡಬೇಕು. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅವರ ಆತ್ಮಕಥೆ. ಶೀರ್ಷಿಕೆಯಲ್ಲಿ ಕಾರಂತರ ಹೆಸರೇ ಇಲ್ಲ. ಜಾಣ ಗ್ರಂಥಪಾಲಕರು ಅವರನ್ನು ಲೇಖಕರಾಗಿ ಒಮ್ಮೆ, ವಿಷಯವಾಗಿ ಇನ್ನೊಮ್ಮೆ ನಮೂದಿಸಿರುತ್ತಾರೆ.

ಆದರೆ ಹೆಸರು ಯಾವುದು? ಕಾರಂತ, ಕಾರಂತ್, ಕೆ. ಶಿವರಾಮ ಕಾರಂತ, ಕೋಟ ಶಿವರಾಮ ಕಾರಂತ. ನಮ್ಮ ಹೆಸರುಗಳ ಮುಂದೆ ಯಾವ ಕ್ಯಾಟಲಾಗಿನ ನಿಯಮವೂ ಸುಸ್ತಾಗುತ್ತದೆ. ಮಾಸ್ತಿ ಎಂಬುದು ಊರು. ಕುವೆಂಪು ಎಂಬುದು ಮೂರು ಹೆಸರುಗಳ ಮೊದಲಕ್ಷರಗಳ ಹೆಣಿಗೆ. ತ್ರಿವೇಣಿಯವರ ನಿಜನಾಮ ಅನಸೂಯಾ ಶಂಕರ್. ಒಳ್ಳೆಯ ಗ್ರಂಥಾಲಯ ಇವುಗಳಲ್ಲಿ ಒಂದನ್ನು ಅಧಿಕೃತ ಹೆಸರೆಂದು ಆರಿಸಿ, ಉಳಿದವನ್ನು 'ಇದನ್ನು ನೋಡಿ' ಎಂದು ಅದಕ್ಕೆ ಗಂಟುಹಾಕಿರುತ್ತದೆ. ಆ ಗಂಟು ಹಾಕದ ಕಡೆ ನನ್ನದೊಂದು ಸುಲಭದ ದಾರಿಯಿದೆ. ಬೇಕಾದ ಲೇಖಕರದೆಂದು ಖಚಿತವಾಗಿ ಗೊತ್ತಿರುವ ಒಂದು ಪುಸ್ತಕವನ್ನು ಹೇಗಾದರೂ ಹುಡುಕಿಕೊಳ್ಳುವುದು, ಅದರ ದಾಖಲೆ ತೆರೆದು ಅಲ್ಲಿರುವ ಲೇಖಕರ ಹೆಸರಿನ ಮೇಲೆಯೇ ಒತ್ತುವುದು. ಆ ಗ್ರಂಥಾಲಯ ಅವರನ್ನು ಏನೆಂದು ಕರೆಯುತ್ತದೋ ಆ ಹೆಸರಿನ ಪುಸ್ತಕಗಳೆಲ್ಲ ಬರುತ್ತವೆ. ವಿಷಯಕ್ಕೂ ಇದೇ ಉಪಾಯ. ನಾಲ್ಕು ಪೆಟ್ಟಿಗೆ ತುಂಬುವುದಕ್ಕಿಂತ ಈ ಒಂದು ಒತ್ತು ಹೆಚ್ಚು ಕೆಲಸ ಮಾಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಪೆಟ್ಟಿಗೆಗಳ ನಡುವೆ ಆ್ಯಂಡ್, ಆರ್, ನಾಟ್ ಎಂಬ ಮೂರು ಇಂಗ್ಲಿಷ್ ಪದಗಳಿರುತ್ತವಲ್ಲ, ಅವು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಜಾರ್ಜ್ ಬೂಲ್ ಕಟ್ಟಿದ ತರ್ಕದವು. ನಮ್ಮ ಮಾತಿನ ಅಭ್ಯಾಸಕ್ಕೆ ಅವು ಉಲ್ಟಾ. ಹೋಟೆಲಿನಲ್ಲಿ 'ಇಡ್ಲಿ ಮತ್ತು ವಡೆ' ಎಂದರೆ ತಟ್ಟೆಗೆ ಹೆಚ್ಚು ಬೀಳುತ್ತದೆ, 'ಇಡ್ಲಿ ಅಥವಾ ವಡೆ' ಎಂದರೆ ಕಡಿಮೆ. ಕ್ಯಾಟಲಾಗಿನಲ್ಲಿ 'ಮತ್ತು' ಎಂದರೆ ಎರಡನ್ನೂ ತೆಗೆದುಕೊಂಡ ಗಿರಾಕಿಗಳನ್ನು ಮಾತ್ರ ಕರೆ ಎಂದರ್ಥ; ನಾಲ್ಕೇ ಜನ ಬಂದಾರು. 'ಅಥವಾ' ಎಂದರೆ ಇಡ್ಲಿಯವರೂ ಬರಲಿ, ವಡೆಯವರೂ ಬರಲಿ, ಎರಡನ್ನೂ ತಿಂದವರೂ ಬರಲಿ. ಹೋಟೆಲೇ ಎದ್ದು ಬರುತ್ತದೆ. 'ನಾಟ್' ನಾನು ಮುಟ್ಟುವುದೇ ಇಲ್ಲ. ಯಕ್ಷಗಾನ ಬೇಡ ಎಂದು ಹಾಕಿದರೆ, ಕಾರಂತರ ಕಾದಂಬರಿಗಳನ್ನೂ ಯಕ್ಷಗಾನವನ್ನೂ ಒಟ್ಟಿಗೆ ಚರ್ಚಿಸುವ ಅತ್ಯುತ್ತಮ ವಿಮರ್ಶೆಯೇ ಮೊದಲು ಹೊರಗೆ ಹೋಗುತ್ತದೆ.

'ಅಥವಾ'ದ ಬೆಲೆ ನನಗೆ ತಿಳಿದದ್ದು ಹಳೆಯ ಕನ್ನಡ ವ್ಯಾಕರಣ, ನಿಘಂಟುಗಳನ್ನು ಹುಡುಕುವಾಗ. ಶೀರ್ಷಿಕೆಯ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ಕನ್ನಡ' ಎಂದು ಬರೆದರೆ ಕಿಟೆಲ್ ಸಿಗುತ್ತಾರೆ, 1894ರ ಅವರ ನಿಘಂಟಿನ ಹೆಸರಿನಲ್ಲಿ ಆ ಪದವಿದೆ. ವಿಲಿಯಂ ಕೇರಿ ಸಿಗುವುದಿಲ್ಲ. 1817ರಲ್ಲಿ ಸೆರಾಂಪುರದಿಂದ ಬಂದ ಅವರ ವ್ಯಾಕರಣಕ್ಕೆ ನಮ್ಮದು 'ಕರ್ನಾಟ' ಭಾಷೆ. 1820ರ ಮೆಕೆರೆಲ್ ವ್ಯಾಕರಣದಲ್ಲೂ 1832ರ ರೀವ್ ನಿಘಂಟಿನಲ್ಲೂ ಅದು 'ಕಾರ್ನಾಟಕ'. 1859ರ ಹಾಡ್ಸನ್ ಸಂಧಾನಕ್ಕೆ ಬಂದವರಂತೆ 'ಕನ್ನಡ ಅಥವಾ ಕ್ಯಾನರೀಸ್' ಎಂದು ಶೀರ್ಷಿಕೆಯಲ್ಲೇ ಎರಡೂ ಹಾಕಿದರು. 1915ರಲ್ಲಿ ಇ.ಪಿ. ರೈಸ್ ನಮ್ಮ ಸಾಹಿತ್ಯ ಚರಿತ್ರೆ ಬರೆದಾಗ 'ಸಿ' ಹೋಗಿ 'ಕೆ' ಬಂದು 'ಕನರೀಸ್' ಆಯಿತು. ಒಂದು ನೂರು ವರ್ಷದಲ್ಲಿ ಒಂದೇ ಭಾಷೆಗೆ ಐದು ಹೆಸರು. ಐದನ್ನೂ 'ಅಥವಾ' ಹಾಕಿ ಪೋಣಿಸಿ, ಆಮೇಲೆ 'ಮತ್ತು' ಹಾಕಿ ವ್ಯಾಕರಣ 'ಅಥವಾ' ನಿಘಂಟು ಎಂದು ಸೇರಿಸಿದಾಗ, ಸಾಹಿತ್ಯ ಚರಿತ್ರೆಯ ರೈಸ್ ಒಬ್ಬರನ್ನು ಬಿಟ್ಟು ಇವರೆಲ್ಲ ಒಂದೇ ಪಟ್ಟಿಯಲ್ಲಿ ಬಂದು ಕೂತರು.

ಇಲ್ಲಿಯೂ ಭಾಷೆಯ ಜರಡಿ ಕೈಕೊಡುತ್ತದೆ ಅನ್ನುವುದೇ ತಮಾಷೆ. ಈ ಪುಸ್ತಕಗಳು ಕನ್ನಡದ ಬಗ್ಗೆ ಇಂಗ್ಲಿಷಿನಲ್ಲಿ ಬರೆದವು. 008ರಲ್ಲಿ ಒಂದೇ ಭಾಷೆಗೆ ಜಾಗ. ಎರಡನೆಯ ಭಾಷೆಯನ್ನು 041 ಎಂಬ ಇನ್ನೊಂದು ಮನೆಯಲ್ಲಿ ಬರೆಯಬೇಕು, ಬರೆಯದಿದ್ದರೆ ಕೇಳುವವರಿಲ್ಲ. 'ಕನ್ನಡ' ಎಂದು ಜರಡಿ ಹಿಡಿದರೆ ಕಿಟೆಲ್ ನಿಘಂಟೇ ಉದುರಿಹೋಗಬಹುದು! ಇಂಥ ಕಡೆ ನೆರವಿಗೆ ಬರುವುದು ವಿಷಯದ ಮನೆ. ಶೀರ್ಷಿಕೆಯಲ್ಲಿ ಲೇಖಕ ಏನೇ ಕರೆದಿರಲಿ, ವಿಷಯದ ಜಾಗದಲ್ಲಿ ಕ್ಯಾಟಲಾಗು ಮಾಡಿದವರು 'ಕನ್ನಡ ಭಾಷೆ – ವ್ಯಾಕರಣ' ಎಂದು ಒಂದೇ ಮಾತು ಬರೆಯಬೇಕೆಂಬ ಶಿಸ್ತಿದೆ.

ಇನ್ನು ಕನ್ನಡ ಲಿಪಿಯಲ್ಲೇ ಹುಡುಕುವವರ ಪಾಡು. ನಮ್ಮ ಪದಗಳು ಬಾಲ ಬೆಳೆಸಿಕೊಳ್ಳುತ್ತವೆ: ಬೆಂಗಳೂರು, ಬೆಂಗಳೂರಿನ, ಬೆಂಗಳೂರಲ್ಲಿ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಬಾಲ ಯಾವುದಾದರೂ ಸರಿ ಎಂದು ಅನೇಕ ಕ್ಯಾಟಲಾಗುಗಳು ಒಪ್ಪಿಕೊಳ್ಳುತ್ತವೆ. ನಾನು ತುಂಬ ದಿನ 'ಬೆಂಗಳೂರು*' ಎಂದು ಹೊಡೆದು, ಬೇರೇನೂ ಬರಲಿಲ್ಲವೆಂದು ತಂತ್ರಾಂಶವನ್ನು ಬೈಯುತ್ತಿದ್ದೆ. ತಪ್ಪು ನನ್ನದು. ನಮ್ಮ ಕಣ್ಣಿಗೆ 'ರು' ಒಂದಕ್ಷರ. ಯೂನಿಕೋಡಿಗೆ ಅದು ಎರಡು: 'ರ' ಒಂದು, ಅದರ ಮೇಲಿನ ಕೊಂಬು ಇನ್ನೊಂದು. 'ಬೆಂಗಳೂರಿನ' ಎಂಬಲ್ಲಿ ಕೊಂಬಿಲ್ಲ, ಗುಡಿಸಿದೆ. ಕೊಂಬು ಕಿತ್ತು 'ಬೆಂಗಳೂರ*' ಎಂದು ಹಾಕಿದರೆ ಮೂರೂ ರೂಪಗಳು ಬರುತ್ತವೆ. ಚಿಕ್ಕ ಪದಗಳಲ್ಲಿ ಮಾತ್ರ ಈ ಆಟ ಬೇಡ. 'ಮರ*' ಎಂದು ಹಾಕಿ ಗಿಡಮರಗಳ ಪುಸ್ತಕ ಹುಡುಕಲು ಹೊರಟರೆ ಮರಣ, ಮರಾಠಿ, ಕೊನೆಗೆ 'ಮರಳಿ ಮಣ್ಣಿಗೆ'ಯ ಕಾರಂತರೇ ಎದುರಾಗುತ್ತಾರೆ. 'ಕಾಡ*' ಎಂದರೆ ಕಾಡಿನ ಜೊತೆಗೆ ಕಣ್ಣಿಗೆ ಹಚ್ಚುವ ಕಾಡಿಗೆಯೂ ಬಂತು.

ಇದಕ್ಕಿಂತ ಗುಪ್ತವಾದ ತೊಡಕು ಒಂದಿದೆ. ಮೇಲೆ 'ರ‍್ಯಾಕ್' ಎಂದು ಬರೆದೆನಲ್ಲ, ಆ 'ರ'ಕ್ಕೂ ಯಕಾರದ ಒತ್ತಿಗೂ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಜೋಡಿಸುವ ಅಕ್ಷರ ಕೂತಿದೆ. ಅದಿಲ್ಲದಿದ್ದರೆ ಅರ್ಕಾವೊತ್ತು ಬಂದು ಪದ 'ರ್ಯಾಕ್' ಆಗುತ್ತದೆ. ಓದುವ ನಮಗೆ ಎರಡೂ ಒಂದೇ. ಯಂತ್ರಕ್ಕೆ ಹಾಗೆಂದು ಯಾರಾದರೂ ಕಲಿಸಿರಬೇಕು; ಕಲಿಸಿರದಿದ್ದರೆ ಎರಡೂ ಬೇರೆ ಬೇರೆ ಪದಗಳು. ಹೀಗಾಗಿ ಅರ್ಕಾವೊತ್ತಿನ ಪದ ಸಿಗದಿದ್ದರೆ ಶೀರ್ಷಿಕೆಯ ಬೇರೆ ಪದ ಹಿಡಿದು ಹೋಗುವುದೇ ವಾಸಿ. ಕೂಡುಪದಗಳ ಪಾಡೂ ಇಷ್ಟೇ: 'ಮಂಕುತಿಮ್ಮನ ಕಗ್ಗ' ಹುಡುಕುವಾಗ 'ಮಂಕುತಿಮ್ಮನ' ಎಂದು ಕೂಡಿಸಿ ಸಿಗದಿದ್ದರೆ 'ಮಂಕು ತಿಮ್ಮನ' ಎಂದು ಬಿಡಿಸಿ ನೋಡಬೇಕು, ಅಥವಾ ಬರೀ 'ಕಗ್ಗ' ಸಾಕು.

ಸಮುದ್ರದಾಚೆ ಹೋದರೆ ಲಿಪಿಯೇ ಬೇರೆ. ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗಳು ಒಂದು ರಾತ್ರಿ ಫೋನ್ ಮಾಡಿ, "ಮಾಮ, ಇಷ್ಟು ದೊಡ್ಡ ಲೈಬ್ರರಿ, ಒಂದು 'ಚೋಮನ ದುಡಿ' ಇಲ್ಲ ನೋಡು" ಅಂದಳು. ಹೇಗೆ ಹುಡುಕಿದೆ ಎಂದು ಕೇಳಿದೆ. ವಾಟ್ಸ್ಆ್ಯಪಿನಲ್ಲಿ ಬರೆಯುವ ಹಾಗೆ ಸಿ-ಎಚ್-ಒ ಎಂದು ಶುರುಮಾಡಿದ್ದಳು. "ಎಚ್ ತೆಗಿ" ಅಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ನಗು. "ಬಂತು ಮಾಮ! ಆದರೆ ಇದೇನಿದು, ಕೋಮನ ದುಡಿ?"

ಅಲ್ಲಿಯ ಗ್ರಂಥಾಲಯಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಲಿಪ್ಯಂತರ ಪಟ್ಟಿ ಹಿಡಿದು ನಡೆಯುತ್ತವೆ. ಅದರ ಪ್ರಕಾರ 'ಚ'ಕ್ಕೆ ಬರೀ 'ಸಿ' ಸಾಕು. 'ಶ', 'ಷ' ಎರಡೂ 'ಎಸ್'. ಒಂದರ ಮೇಲೆ ಗೆರೆ, ಇನ್ನೊಂದರ ಕೆಳಗೆ ಚುಕ್ಕಿ. ಗೆರೆ ಚುಕ್ಕಿಗಳನ್ನು ಬಹುತೇಕ ಕ್ಯಾಟಲಾಗುಗಳು ಹುಡುಕುವಾಗ ಲೆಕ್ಕಕ್ಕಿಡುವುದಿಲ್ಲ, ಆದರೆ ನಾವು ಅಭ್ಯಾಸಬಲದಿಂದ ಸೇರಿಸುವ 'ಎಚ್' ಅನ್ನು ಇಡುತ್ತವೆ. ಶೀರ್ಷಿಕೆಯಲ್ಲಿ 'ಕೃಷ್ಣ' ಇದ್ದರೆ ಕೆ-ಆರ್-ಎಸ್-ಎನ್-ಎ. ನಡುವೆ 'ಐ' ಇಲ್ಲ, 'ಎಚ್' ಇಲ್ಲ. ಹಳೆಯ ದಾಖಲೆಗಳಲ್ಲಿ ಕನ್ನಡ ಲಿಪಿಯೇ ಇರದಿರುವುದು ಸಾಮಾನ್ಯವಾದ್ದರಿಂದ ಈ ಪಟ್ಟಿ ತಿಳಿಯದೆ ಗತಿಯಿಲ್ಲ. ಅಂದಹಾಗೆ, ಆ ಪುಸ್ತಕಗಳು ಅಲ್ಲಿಗೆ ಹೋದ ಕಥೆಯಲ್ಲಿ ಗೋಧಿಗೂ ಪಾಲಿದೆ. ಪಿ.ಎಲ್. 480 ಕಾನೂನಿನಡಿ ಭಾರತಕ್ಕೆ ಮಾರಿದ ಗೋಧಿಯ ಹಣ ರೂಪಾಯಿಯಲ್ಲೇ ಇಲ್ಲಿ ಉಳಿದಿತ್ತು. 1962ರಿಂದ ಅದರ ಒಂದು ಭಾಗದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ನಮ್ಮಲ್ಲಿ ಗೆದ್ದಲು ತಿಂದ ಎಷ್ಟೋ ಕನ್ನಡ ಕಾದಂಬರಿಗಳು ಅಲ್ಲಿ ಹವಾನಿಯಂತ್ರಿತ ಕಪಾಟಿನಲ್ಲಿ 'ಎಚ್' ಇಲ್ಲದ ಹೆಸರು ಹೊತ್ತು ಕೂತಿರಬಹುದು.

ಇಸವಿಯ ಜರಡಿ ಬಗ್ಗೆ ಎರಡೇ ಮಾತು. ಕೋಹಾದಲ್ಲಿ 1930-1940 ಎಂದು ಅಡ್ಡಗೆರೆ ಹಾಕಿ ಕೊಡಬಹುದು; '-1950' ಎಂದರೆ ಅದಕ್ಕಿಂತ ಹಿಂದಿನವು. ಆದರೆ ಅಲ್ಲಿರುವುದು ಸಾಮಾನ್ಯವಾಗಿ ಕೈಯಲ್ಲಿರುವ ಮುದ್ರಣದ ಇಸವಿ. ಹತ್ತನೆಯ ಮುದ್ರಣದ ಪ್ರತಿಯಿದ್ದರೆ 1930ರ ದಶಕದ ಕಾದಂಬರಿಯೂ ಇಪ್ಪತ್ತೊಂದನೆಯ ಶತಮಾನದ್ದಾಗಿ ಬಿಡುತ್ತದೆ. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ಮ್ಯಾಂಗಲೋರ್, ಆಮೇಲೆ ಮಂಗಳೂರು. 1973ಕ್ಕೆ ಮೊದಲಿನ ರಾಜ್ಯದ ಬಗ್ಗೆ ಹುಡುಕುವವರು 'ಮೈಸೂರು' ಹಾಕದೆ 'ಕರ್ನಾಟಕ' ಮಾತ್ರ ಹಾಕಿದರೆ ಅರ್ಧ ಕಪಾಟು ಕಾಣುವುದಿಲ್ಲ.

ಹುಡುಕಿದ ಮೇಲೆ ಪರದೆಯ ಎಡಗಡೆ ಒಂದು ಪಟ್ಟಿ ಬರುತ್ತದೆ: ಲೇಖಕರು, ವಿಷಯಗಳು, ಸ್ಥಳಗಳು, ಮಾಲಿಕೆಗಳು. ನನಗೆ ಅತಿ ಪ್ರಿಯವಾದ ಜರಡಿ ಅದು. ಅಲ್ಲಿ ನಾವು ಊಹಿಸಿ ತುಂಬಬೇಕಾದ್ದು ಏನೂ ಇಲ್ಲ. ಇರುವುದನ್ನು ಅದೇ ತೋರಿಸಿ ಆರಿಸಿಕೋ ಅನ್ನುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಫ್ಯಾಸೆಟ್' ಎನ್ನುತ್ತಾರೆ, ವಜ್ರದ ಮುಖಗಳಿದ್ದ ಹಾಗೆ. ಗ್ರಂಥಾಲಯಗಳ ಲೋಕದಲ್ಲಿ ಈ ಪದಕ್ಕೆ ಜೀವ ಕೊಟ್ಟವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. 1933ರ ತಮ್ಮ ಕೋಲನ್ ವರ್ಗೀಕರಣದಲ್ಲಿ ಅವರು ಪುಸ್ತಕವನ್ನು ಒಂದೇ ಕಂಬಕ್ಕೆ ಕಟ್ಟಲು ಒಪ್ಪಲಿಲ್ಲ. ಕೊಡಗಿನ ಕಾಫಿ ಗಿಡದ ರೋಗದ ಬಗ್ಗೆ ಒಂದು ಪುಸ್ತಕವಿದ್ದರೆ ಅದನ್ನು ಕೃಷಿಯಲ್ಲಿಡುವುದೋ ಕೊಡಗಿನ ಚರಿತ್ರೆಯಲ್ಲೋ ಎಂದು ತಲೆ ಕೆಡಿಸಿಕೊಳ್ಳುವ ಬದಲು, ಯಾವ ಬೆಳೆ, ಅದರ ಯಾವ ಭಾಗ, ಏನಾಯಿತು, ಎಲ್ಲಿ, ಯಾವಾಗ ಎಂದು ಮುಖಗಳನ್ನು ಬಿಡಿಸಿ, ಬೇಕಾದಂತೆ ಜೋಡಿಸಿಕೊಳ್ಳಿ ಎಂದರು. ಕೊನೆಯ ವರ್ಷಗಳಲ್ಲಿ ಅವರ ಊರು ಬೆಂಗಳೂರು. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಎಡಗಡೆ ಇಂಥ ಮುಖಗಳ ಪಟ್ಟಿಯಿರುವ ಕ್ಯಾಟಲಾಗು ತೆರೆದು ಬೇರೆಯವರಿಗೆ ದಾರಿ ತೋರಿದ್ದು 2006ರಲ್ಲಿ. ಈಗ ಸೀರೆ, ಚಪ್ಪಲಿ ಮಾರುವ ಆ್ಯಪುಗಳಲ್ಲೂ ಬಣ್ಣ, ಅಳತೆ, ಬೆಲೆ ಎಂದು ಅದೇ ಪಟ್ಟಿ. ಓದುಗನ ಸಮಯ ಉಳಿಸು ಎಂಬುದು 1931ರಲ್ಲಿ ರಂಗನಾಥನ್ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಗಿರಾಕಿಯ ಸಮಯ ಅವರ ಲೆಕ್ಕದಲ್ಲಿತ್ತೋ ಇಲ್ಲವೋ.

ಎಡಗಡೆಯ ಪಟ್ಟಿಯೂ ಪೂರ್ತಿ ನಿರಪರಾಧಿಯೇನಲ್ಲ. ಮಾರ್ಕ್ ಭಾಷಾ ಸಂಕೇತಗಳ ಪಟ್ಟಿಯಲ್ಲಿ ಕನ್ನಡಕ್ಕಿದೆ, ಕೊಂಕಣಿಗಿದೆ. ತುಳುವಿಗೆ ಸ್ವಂತ ಸಂಕೇತವಿಲ್ಲ. 'ಇತರ ದ್ರಾವಿಡ ಭಾಷೆಗಳು' ಎಂಬ ಒಂದು ಚೀಲವಿದೆ, ಅದರೊಳಗೆ ಹಾಕಬೇಕು. ಕೊಡವ ತಕ್ಕಿನ ಪಾಡೂ ಅಷ್ಟೇ. ಹೊಸ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ತುಳುವಿಗೆ ಪ್ರತ್ಯೇಕ ಸಂಕೇತ ಸಿಕ್ಕಿದೆ, 041ರಲ್ಲಿ ಅದನ್ನು ಬರೆಯಲು ದಾರಿಯೂ ಇದೆ, ಬರೆಯುವವರು ಬೇಕಲ್ಲ. ತುಳು ಪುಸ್ತಕ ಕನ್ನಡ ಲಿಪಿಯಲ್ಲಿದೆ ಎಂಬ ಕಾರಣಕ್ಕೇ ಅದನ್ನು ಕನ್ನಡವೆಂದು ನಮೂದಿಸಿದರೆ ಕೇಳುವವರು ಯಾರು?

ಆ ದಿನ ಗ್ರಂಥಪಾಲಕಿಗೆ ಈ ತುಳುವಿನ ಸಂಗತಿ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. "ನಮ್ಮಲ್ಲೂ ಹಾಗೇ ಇದೆ ಸಾರ್, ಒಂದೊಂದೇ ತೆಗೆದು ನೋಡಬೇಕು" ಎನ್ನುತ್ತ ತಮ್ಮ ಪಾಸ್‌ವರ್ಡ್ ಹಾಕಿ ಒಳಗೆ ಹೋದರು. 'ಯಕ್ಷಗಾನ ಬಯಲಾಟ'ದ ದಾಖಲೆ ತೆರೆದರು. ಇ-ಎನ್-ಜಿ ಅಳಿಸಿ ಕೆ-ಎ-ಎನ್ ಹೊಡೆದು ಉಳಿಸಿದರು. "ಈಗ ಹುಡುಕಿ" ಅಂದರು. ಅಷ್ಟರಲ್ಲಿ ಹುಡುಗ ರ‍್ಯಾಕಿನಿಂದ ಪುಸ್ತಕ ತಂದು ನನ್ನ ಕೈಗಿಟ್ಟಿದ್ದ. ನಾನು ಅದನ್ನು ಕಂಕುಳಲ್ಲಿ ಅವುಚಿಕೊಂಡೇ ಮತ್ತೆ ತುಂಬಿದೆ: ಕಾರಂತ, ಯಕ್ಷಗಾನ, ಕನ್ನಡ. ಒಂದು ಫಲಿತಾಂಶ. ಸ್ಥಿತಿ: ಲಭ್ಯವಿದೆ. ಕಪಾಟಿನಲ್ಲಿದೆ.

"ಇಲ್ಲಿ ಕೊಡಿ ಸಾರ್, ಇಶ್ಯೂ ಮಾಡಿಬಿಡ್ತೀನಿ" ಎಂದು ಹುಡುಗ ಕೈ ಚಾಚಿದ.